ಒಂಬತ್ತು ಪಾಯಿಂಟಿನ ಮೊಣಕೈ

ನನ್ನ ಗುರುತನ್ನು ನಾನೇ ಬರೆದುಕೊಂಡೆ, ಒಂಬತ್ತೇ ಪಾಯಿಂಟಿನಲ್ಲಿ. ಇದರಲ್ಲೇನು ಹೆಚ್ಚುಗಾರಿಕೆ ಎಂದು ಗೊತ್ತಿಲ್ಲದವರಿಗೆ ಅನ್ನಿಸಬಹುದು. ನಮ್ಮೂರಿನ ಗುರುತಿನ ಅಂಗಡಿಯ ಗೌಸ್ ಸಾಬರು ನಲವತ್ತು ವರ್ಷದಿಂದ ಇದೇ ಕೆಲಸದಲ್ಲಿ ಕಣ್ಣು ಸವೆಸಿದವರು. ಹನ್ನೆರಡಕ್ಕಿಂತ ಕಡಿಮೆ ಪಾಯಿಂಟಿನಲ್ಲಿ ಒಬ್ಬರ ಗುರುತು ತೆಗೆಯುವುದು ಅವರಿಂದಲೂ ಆಗಿರಲಿಲ್ಲ. ನಾನು ತೆಗೆದೆ. ಜಂಬ ಎನ್ನುವವರು ಎನ್ನಲಿ. ಐವತ್ತೊಂದನೇ ವಯಸ್ಸಿನಲ್ಲಿ ಬಂದ ಜಂಬ, ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ.

ನಮ್ಮೂರಿನಲ್ಲಿ ಬೆಳಗಾದರೆ ಯಾರ ಮುಖವೂ ಯಾರಿಗೂ ನೆನಪಿರುವುದಿಲ್ಲ. ದನಿಯೂ ಅಷ್ಟೆ. ನಿನ್ನೆ ಯಾರು ಏನಂದರು, ಯಾರು ಯಾರ ಮನೆಗೆ ಹೋಗಿದ್ದರು, ಯಾರ ಮೇಲೆ ಯಾರಿಗೆ ಸಿಟ್ಟು, ಇದೆಲ್ಲ ಚೆನ್ನಾಗಿಯೇ ನೆನಪಿರುತ್ತದೆ. ಆ ಮಾತಾಡಿದ ಮುಖ ಮಾತ್ರ ನಿದ್ದೆಯ ಜೊತೆಗೆ ಹೋಗಿಬಿಡುತ್ತದೆ. ಅದಕ್ಕೇ ಎಲ್ಲರ ಬಲತೋಳಿನ ಮೇಲೂ ಗುರುತು ಇರುತ್ತದೆ. ಅಂಗಿಗೆ, ರವಿಕೆಗೆ, ಮಲಗುವ ಬಟ್ಟೆಗೂ ಹೊಲಿದಿರುತ್ತೇವೆ. ಸ್ನಾನಕ್ಕೆ ಹೋಗುವವರು ಅದನ್ನು ಬಚ್ಚಲ ಬಾಗಿಲಿಗೆ ಸಿಕ್ಕಿಸಿ ಒಳಗೆ ಹೋಗುತ್ತಾರೆ. ಮನೆಯ ಗೇಟಿನ ಮೇಲೆ ಅದೇ ಗುರುತು ದೊಡ್ಡದಾಗಿರುತ್ತದೆ. ಎದುರಿಗೆ ಬಂದವರ ತೋಳು ನೋಡಿ ಆಮೇಲೆ ನಮಸ್ಕಾರ ಹೇಳುವುದು ನಮ್ಮ ಪದ್ಧತಿ. ಹೊರಗಿನಿಂದ ಬಂದವರು ಇದನ್ನು ಸೊಕ್ಕು ಎಂದುಕೊಳ್ಳುತ್ತಾರೆ.

ಮದುವೆಯಾದ ಹೆಂಗಸಿಗೆ ಗಂಡನ ಮನೆಯ ಗುರುತು. ಅದರ ಕೆಳಗೆ, ಹಿರಿಯ ಸೊಸೆಯಾದರೆ ಒಂದು ಚುಕ್ಕಿ, ಎರಡನೆಯವಳಾದರೆ ಎರಡು. ನಮ್ಮವರ ಮನೆಯದು ಕೊಡೆ. ಅದೇ ಮನೆಯಲ್ಲಿರುವ ಓರಗಿತ್ತಿ ಸೌಭಾಗ್ಯಕ್ಕನಿಗೆ ಕೊಡೆ ಮತ್ತು ಒಂದು ಚುಕ್ಕಿ, ನನಗೆ ಕೊಡೆ ಮತ್ತು ಎರಡು ಚುಕ್ಕಿ. ನನ್ನ ಹೆಸರು ಪಂಕಜಾಕ್ಷಿ. ಆದರೆ ಮದುವೆಯಾಗಿ ಬಂದ ಮೇಲೆ, ಬೈಯುವವರೊಬ್ಬರನ್ನು ಬಿಟ್ಟರೆ, ಆ ಹೆಸರಿನಿಂದ ಯಾರೂ ಕರೆದದ್ದಿಲ್ಲ. ಹಾಲಿನವನಿಗೆ, ದರ್ಜಿಗೆ, ನೆಂಟರಿಗೆ, ಎಲ್ಲರಿಗೂ ನಾನು ಕೊಡೆ ಮನೆ ಎರಡು ಚುಕ್ಕಿ. ನಮ್ಮವರು, ಅಂದರೆ ರಂಗಧಾಮಯ್ಯನವರು, ‘ಲೇ’ ಎನ್ನುತ್ತಾರೆ. ನನ್ನ ಮಗಳೂ ಈಗ ಗಂಡನ ಮನೆಯ ಏಣಿ ಗುರುತಿನ ಕೆಳಗೆ ಒಂದು ಚುಕ್ಕಿಯಾಗಿದ್ದಾಳೆ. ನಾನೇ ಖುಷಿಯಿಂದ ಮದುವೆ ಮಾಡಿ ಕಳಿಸಿದ್ದು. ಆಗ ನನಗೆ ಏನೂ ಅನ್ನಿಸಿರಲಿಲ್ಲ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅನ್ನಿಸಿದ್ದು ಮೂರು ವರ್ಷದ ಹಿಂದೆ, ನೆಂಟರೊಬ್ಬರ ಮದುವೆಯಲ್ಲಿ. ಅಡುಗೆಯವರ ಉಸ್ತುವಾರಿಗೆಂದು ನಮ್ಮವರು ಬೆಳಗಿನ ಜಾವಕ್ಕೇ ಛತ್ರಕ್ಕೆ ಹೋಗಿದ್ದರು. ಸೌಭಾಗ್ಯಕ್ಕನಿಗೆ ಜ್ವರ, ಅವರು ಬರುವ ಹಾಗಿರಲಿಲ್ಲ. ನಾನೊಬ್ಬಳೇ ರೇಷ್ಮೆ ಸೀರೆ ಉಟ್ಟುಕೊಂಡು ಹೊರಟೆ. ರವಿಕೆ ಹಳೆಯದು, ಗುರುತಿನ ದಾರ ಸವೆದಿತ್ತು. ದಾರಿಯಲ್ಲಿ ಒಂದು ಚುಕ್ಕಿ ಬಿಚ್ಚಿಕೊಂಡು ಎಲ್ಲೋ ಬಿದ್ದುಹೋಯಿತು. ನನಗೆ ಗೊತ್ತಾಗಲಿಲ್ಲ. ಛತ್ರದ ಬಾಗಿಲಿನಲ್ಲಿ ಎದುರಾದ ನಮ್ಮವರು ನನ್ನ ತೋಳು ನೋಡಿ ಎರಡೂ ಕೈ ಜೋಡಿಸಿದರು.

“ಅತ್ತಿಗೆ, ಜ್ವರ ಬಿಡ್ತಾ? ಬನ್ನಿ ಬನ್ನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಆಯಾಸ ಮಾಡ್ಕೋಬೇಡಿ.”

ನಾನು ತೋಳು ನೋಡಿಕೊಂಡೆ. ‘ನಾನೇ ಕಣ್ರೀ’ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಮೊದಲು ಗಾಬರಿಯಿಂದ, ಆಮೇಲೆ ಹಟದಿಂದ. ನೋಡೋಣ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಎಂದು ಫ್ಯಾನಿನ ಕೆಳಗೆ ಕೂತೆ. ನಮ್ಮವರು ತಾವೇ ಎಲೆ ಹಾಕಿಸಿದರು, ಹೋಳಿಗೆಗೆ ತಾವೇ ತುಪ್ಪ ಬಡಿಸಿದರು, ‘ಇನ್ನೊಂದು ಹಾಕ್ಸ್ಕೊಳ್ಳಿ ಅತ್ತಿಗೆ’ ಎಂದು ಬಲವಂತ ಮಾಡಿದರು. ಅಷ್ಟು ವರ್ಷದ ಸಂಸಾರದಲ್ಲಿ ನನ್ನ ಜೊತೆ ಅವರು ಅಷ್ಟು ಮರ್ಯಾದೆಯಿಂದ ಮಾತಾಡಿದ್ದೇ ಇಲ್ಲ. ನಡುವೆ ಒಮ್ಮೆ ಬಗ್ಗಿ ಮೆಲ್ಲಗೆ, “ನಮ್ಮವ್ಳು ಎಲ್ಲೋ ಕಾಣಿಸ್ತಾನೇ ಇಲ್ವಲ್ಲ?” ಎಂದರು. “ಬರ್ತಾಳೆ,” ಎಂದೆ. ಸಂಜೆ ಮನೆಗೆ ಬಂದು ಸೀರೆ ಬದಲಾಯಿಸಿ ಎರಡು ಚುಕ್ಕಿಯ ರವಿಕೆ ಹಾಕಿಕೊಂಡು ಅವರ ಮುಂದೆ ನಿಂತೆ. ಅವರು ಒಮ್ಮೆ ಚುಕ್ಕಿ ನೋಡಿದರು, ಒಮ್ಮೆ ಮುಖ ನೋಡಿದರು.

“ಬೆಳಿಗ್ಗೆಯಿಂದ ನೀನೇನಾ?” ಎಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರದೇನು ತಪ್ಪು? ಇಡೀ ನಾನು ಒಂದು ಎಳೆ ದಾರಕ್ಕೆ ನೇತುಹಾಕಿಕೊಂಡಿದ್ದೆನಲ್ಲ ಎಂದು ಸಂಕಟವಾಯಿತು. ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ.

ಮಾರನೇ ದಿನ ಆ ರವಿಕೆ ಹಿಡಿದುಕೊಂಡು ಗೌಸ್ ಸಾಬರ ಅಂಗಡಿಗೆ ಜಗಳಕ್ಕೇ ಹೋದೆ. ಸಾಬರು ಕಂಪ್ಯೂಟರಿನ ಮುಂದೆ ಕೂತು ಯಾರದೋ ಹಳೆಯ ಗುರುತನ್ನು ತಿದ್ದುತ್ತಿದ್ದರು. ಮೊದಲೆಲ್ಲ ಮರದ ಅಚ್ಚು ಕೆತ್ತುತ್ತಿದ್ದರಂತೆ, ಕೈ ನಡುಗಲು ಶುರುವಾದ ಮೇಲೆ ಮೌಸ್ ಹಿಡಿದಿದ್ದರು. ತೆರೆಯ ಮೇಲೆ ಒಂದು ಕತ್ತರಿಯ ಚಿತ್ರ ಇತ್ತು. ಅದನ್ನು ಗುಂಡಿಯಷ್ಟು ಚಿಕ್ಕದು ಮಾಡಿದರು, ಆಮೇಲೆ ಬಾಗಿಲಷ್ಟು ದೊಡ್ಡದು ಮಾಡಿದರು. ಫೋಟೋ ಹಿಗ್ಗಿಸಿದರೆ ಒಡೆದು ಕಲ್ಲುಸಕ್ಕರೆಯ ಹಾಗಾಗುವುದನ್ನು ನಾನು ನೋಡಿದ್ದೆ. ಇದು ಹಾಗಾಗಲಿಲ್ಲ. ಎಷ್ಟು ಎಳೆದರೂ ಅಂಚು ನೆಟ್ಟಗೆ ಇತ್ತು.

“ಇದ್ಯಾಕೆ ಸಾಬ್ರೇ ಒಡೀಲಿಲ್ಲ?” ಎಂದು ಕೇಳಿದೆ. ಬೈಯಲು ಹೋದದ್ದು ಮರೆತೇಹೋಗಿತ್ತು.

“ಇದ್ರಲ್ಲಿ ಬಣ್ಣ ತುಂಬಿಲ್ಲಕ್ಕಾ, ಜಾಗ ಬರ್ದಿದೀನಿ,” ಎಂದರು. “ಇಲ್ಲೊಂದು ಪಾಯಿಂಟು, ಅಲ್ಲೊಂದು ಪಾಯಿಂಟು. ನಡುವೆ ಗೆರೆ ಹೆಂಗೆ ಬಾಗ್ಬೇಕು ಅಂತ ಹೇಳಿಟ್ರೆ ಆಯ್ತು. ದೊಡ್ಡದು ಮಾಡಿದಾಗೆಲ್ಲ ಅದು ಹೊಸದಾಗಿ ಬರ್ಕೊಳ್ತದೆ.”

ನಾನು ಸ್ಟೂಲು ಎಳೆದುಕೊಂಡು ಕೂತೆ. ಮೂರು ವರ್ಷವಾಯಿತು, ಇನ್ನೂ ಎದ್ದಿಲ್ಲ. ತೆರೆಯ ಮೇಲೆ ಗೆರೆ ಎಳೆಯುವ ಪೆನ್ ಟೂಲ್ ಹಿಡಿಯುವುದನ್ನು ಸಾಬರು ಒಂದೇ ವಾರದಲ್ಲಿ ಕಲಿಸಿದರು. ಪಾಯಿಂಟ್ ಇಟ್ಟು ಎಳೆದರೆ ಅದಕ್ಕೆ ಎರಡು ಕಡ್ಡಿ ಮೂಡುತ್ತವೆ, ಅವಕ್ಕೆ ಹ್ಯಾಂಡಲ್ ಎನ್ನುತ್ತಾರೆ. ಆ ಕಡ್ಡಿ ತಿರುಗಿಸಿದ ಹಾಗೆ ಗೆರೆ ಬಾಗುತ್ತದೆ. ಕಲಿಯುವವರೆಲ್ಲ ಹೆದರಿಕೊಂಡು ಹೆಜ್ಜೆಗೊಂದು ಪಾಯಿಂಟ್ ಇಡುತ್ತಾರೆ. ಆಗ ಗೆರೆ ನಡುಗಿದ ಹಾಗೆ ಕಾಣುತ್ತದೆ. ಧೈರ್ಯ ಇದ್ದವರು ದೂರದೂರ ಇಟ್ಟು ಕಡ್ಡಿಯನ್ನು ಉದ್ದಕ್ಕೆ ಎಳೆಯುತ್ತಾರೆ. ನಾನು ಎರಡನೇ ತಿಂಗಳಿಗೇ ದೂರ ಇಡಲು ಶುರುಮಾಡಿದೆ. ಸಾಬರು ಕನ್ನಡಕ ಏರಿಸಿ ನೋಡಿ, “ಅಕ್ಕಾ, ಇಷ್ಟು ದಿನ ಏನ್ ಮಾಡ್ತಿದ್ರಿ?” ಎಂದರು. “ಚುಕ್ಕಿಯಾಗಿದ್ದೆ,” ಎಂದೆ.

ಹೊಸ ಗುರುತು ಬೇಕೆಂದು ಬರುವವರಿಗೆ ಸಾಬರು ಕೇಳುವುದು ಒಂದೇ ಪ್ರಶ್ನೆ: ನಿಮ್ಮನ್ನು ಬೈಯುವವರು ಏನಂತ ಬೈತಾರೆ? ಹೊಗಳುವವರು ಎಲ್ಲರನ್ನೂ ಒಂದೇ ಥರ ಹೊಗಳುತ್ತಾರೆ, ಒಳ್ಳೆಯವರು, ಮೃದು, ಸಹಾಯ ಮಾಡ್ತಾರೆ ಎಂದು. ಅದರಿಂದ ಚಿತ್ರ ಹುಟ್ಟುವುದಿಲ್ಲ. ಬೈಯುವವರು ಮಾತ್ರ ಸರಿಯಾಗಿ ನೋಡಿರುತ್ತಾರೆ ಎಂಬುದು ಅವರ ನಂಬಿಕೆ. ಹೋದ ವರ್ಷ ವನಮಾಲಾ ಎನ್ನುವ ಸ್ಕೂಲ್ ಟೀಚರ್ ಬಂದಿದ್ದಳು. ಮದುವೆಯಾಗದ ಹುಡುಗಿ, ಸ್ವಂತ ಗುರುತು ಬೇಕಿತ್ತು. “ನಂಗೆ ತಣ್ಣೀರು ಅಂತಾರೆ. ಏನಂದ್ರೂ ಬಿಸಿ ಆಗಲ್ಲ ಅಂತ ಬೈತಾರೆ,” ಎಂದಳು. ಅವಳಿಗೆ ನಾನು ಮಣ್ಣಿನ ಹೂಜಿ ಬರೆದುಕೊಟ್ಟೆ. ಹೊಟ್ಟೆ ದುಂಡಗೆ, ಹಿಡಿ ಒಂದೇ ಬಾಗಿನಲ್ಲಿ. ಅವಳು ಅದನ್ನು ನೋಡಿ ಕಣ್ಣು ತುಂಬಿಕೊಂಡಳು. ಆಮೇಲೆ ನನ್ನ ತೋಳು ನೋಡಿ ಮುಗ್ಧವಾಗಿ ಕೇಳಿದಳು: “ಅಕ್ಕಾ, ಇಷ್ಟು ಚೆನ್ನಾಗಿ ಬರೀತೀರಿ. ನಿಮ್ಮದು ಯಾರು ಬರೆದ್ರು?”

ನನ್ನ ಮಾವನವರ ಅಪ್ಪನ ಕಾಲದ ಕೊಡೆ ಅದು. ಯಾರು ಬರೆದರೋ. ಅವತ್ತೇ ನಿರ್ಧಾರ ಮಾಡಿದೆ, ನಾನೂ ನಿಲ್ಲುತ್ತೇನೆ ಎಂದು.

ನಿಲ್ಲುವುದು ಎಂದರೆ ನಮ್ಮಲ್ಲಿ ಪರೀಕ್ಷೆಗೆ ನಿಲ್ಲುವುದು. ವರ್ಷಕ್ಕೊಮ್ಮೆ ಪುರಸಭೆಯ ಜಗಲಿಯಲ್ಲಿ ನಡೆಯುತ್ತದೆ. ಹೊಸ ಗುರುತು ಬೇಕಾದವರು ಹಿಂದಿನ ಸಂಜೆಯೇ ಹೋಗಿ ಅಲ್ಲೇ ಮಲಗಬೇಕು. ಬೆಳಿಗ್ಗೆ ಎಲ್ಲರಿಗೂ ಕತ್ತಿನಿಂದ ಪಾದದವರೆಗೆ ಒಂದೇ ಥರದ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಹೊಸ ಗುರುತನ್ನು ಮಾತ್ರ ಸಿಕ್ಕಿಸಿ, ಸಾಲಾಗಿ ನಿಲ್ಲಿಸುತ್ತಾರೆ. ತುಟಿ ಬಿಚ್ಚುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಒಬ್ಬೊಬ್ಬರಿಗೂ ಮೂವರು ಸಾಕ್ಷಿಗಳು: ಮನೆಯವರು ಒಬ್ಬರು, ದಿನಾ ವ್ಯವಹಾರ ಇರುವವರು ಒಬ್ಬರು, ನಮ್ಮ ಮೇಲೆ ಸಿಟ್ಟಿರುವವರು ಒಬ್ಬರು. ಮೊದಲೇ ಗುರುತು ನೋಡಿರದ ಈ ಮೂವರಲ್ಲಿ ಇಬ್ಬರಾದರೂ ಬಂದು ನಮ್ಮನ್ನು ತೋರಿಸಿ ‘ಇವರೇ’ ಎನ್ನಬೇಕು. ಹಾಗೆ ತೋರಿಸಿದರೆ ಆ ಗುರುತು ಸಾಯುವವರೆಗೆ ನಮ್ಮದು. ಇಲ್ಲದಿದ್ದರೆ ನಮ್ಮ ಕಣ್ಣೆದುರೇ ಅಳಿಸಿ ಹಳೆಯದನ್ನೇ ಕೊಟ್ಟು ಕಳಿಸುತ್ತಾರೆ. ಜೀವಮಾನಕ್ಕೆ ಒಂದೇ ಸಲ. ಮದುವೆಯಾದ ಹೆಂಗಸು ನಿಲ್ಲಬಾರದೆಂದು ಎಲ್ಲೂ ಬರೆದಿಲ್ಲ, ಯಾರೂ ನಿಂತಿರಲಿಲ್ಲ ಅಷ್ಟೆ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಡಿಯ ಬಾಗಿಲು ಮುಚ್ಚಿರುತ್ತಿತ್ತು. ಸಾಬರು ಊಟಕ್ಕೆ ಮನೆಗೆ ಹೋಗುತ್ತಿದ್ದರು, ನಾನು ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು ಕೈ ತೊಳೆದು ಕೂರುತ್ತಿದ್ದೆ. ಮೊದಲು ಬರೆದದ್ದು ಕಮಲ, ಅದರೊಳಗೊಂದು ಕಣ್ಣು. ಹೆಸರಿಗೆ ತಕ್ಕ ಹಾಗೆ ಇರಲಿ ಎಂದು. ದಳದ ಮೇಲೆ ದಳ, ನರದ ಮೇಲೆ ನರ, ಇನ್ನೂರ ಹದಿನಾರು ಪಾಯಿಂಟು. ದೊಡ್ಡದಾಗಿ ಇಟ್ಟಾಗ ಕ್ಯಾಲೆಂಡರಿನ ಹಾಗೆ ಚಂದ. ಗುಂಡಿಯಷ್ಟು ಮಾಡಿದರೆ ಗೋಡೆಗೆ ಬಡಿದ ಜಿರಳೆ. ಅಳಿಸಿದೆ. ನವಿಲುಗರಿ ಬರೆದೆ, ಅದು ಯಾರದಾದರೂ ಆಗಬಹುದಿತ್ತು. ದೀಪ ಬರೆದೆ, ನನಗೇ ನಗು ಬಂತು, ನಾನೆಲ್ಲಿ ದೀಪ? ಒಂದು ದಿನ ಕೊಡೆಯನ್ನೇ ತಿರುವಿ ಮಗುಚಿ ಇಟ್ಟೆ. ಜಾಣತನ ಮಾಡಿದೆ ಎಂದು ಎರಡು ದಿನ ಬೀಗಿದೆ. ಮೂರನೇ ದಿನ ನೋಡಿದರೆ, ಮಗುಚಿದರೂ ಅದು ಕೊಡೆಯೇ. ಸಿಟ್ಟಿನಲ್ಲಿ ಅದನ್ನೂ ಅಳಿಸಿದೆ.

“ಊರಿಗೆಲ್ಲ ಕೇಳ್ತೀರಲ್ಲ ಆ ಪ್ರಶ್ನೆ, ನಿಮಗೆ ನೀವೇ ಕೇಳ್ಕೊಂಡ್ರಾ?” ಎಂದರು ಸಾಬರು.

ಕೇಳಿಕೊಂಡಿರಲಿಲ್ಲ. ಕೇಳಿಕೊಂಡರೆ ಉತ್ತರ ಎದುರುಮನೆಯಿಂದಲೇ ಬರುತ್ತದೆ ಎಂದು ಗೊತ್ತಿತ್ತು. ಎದುರುಮನೆಯ ಕೆಂಪನಂಜಮ್ಮನಿಗೂ ನನಗೂ ಮಾತು ಬಿಟ್ಟು ಒಂಬತ್ತು ವರ್ಷ. ಅವರ ಇಡ್ಲಿ ಪಾತ್ರೆ ಒಮ್ಮೆ ತಂದಿದ್ದೆ, ತಿರುಗಿ ಕೊಟ್ಟಾಗ ಮುಚ್ಚಳ ತಮ್ಮದಲ್ಲ ಎಂದರು. ಅವರದೇ. ಈಗಲೂ ಹೇಳುತ್ತೇನೆ, ಅವರದೇ. ಅವತ್ತು ಬೀದಿಗೆಲ್ಲ ಕೇಳುವ ಹಾಗೆ ಅವರು ಅಂದ ಮಾತು ಇದು: “ಪಂಕಜಾಕ್ಷಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಲು ಅಂದ್ರೆ ಮುಗೀತು. ಬ್ರಹ್ಮ ಬಂದ್ರೂ ಒಂದಿಂಚು ಅಲ್ಲಾಡಲ್ಲ!”

ಅಂಗಡಿಯ ಕನ್ನಡಿಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟೆ. ಮುಖ ಎಂದಿನ ಹಾಗೆ ಯಾರದೋ. ಆದರೆ ಆ ಕೈ ನನ್ನದೇ. ಭುಜದಿಂದ ಇಳಿದು, ಮೊಣಕೈಯಲ್ಲಿ ತಿರುಗಿ, ಸೊಂಟಕ್ಕೆ ಬಂದು ಕೂತಿತ್ತು. ಕೈಗೂ ಮೈಗೂ ನಡುವೆ ಒಂದು ಕಿಂಡಿ, ಅದರೊಳಗಿಂದ ಹಿಂದಿನ ಗೋಡೆ ಕಾಣುತ್ತಿತ್ತು. ಕಾಫಿಪುಡಿ ಅಂಗಡಿಯಲ್ಲಿ ನಾನು ಹೀಗೇ ನಿಲ್ಲುತ್ತೇನೆ. ಗೇಟಿನಲ್ಲೂ ಹೀಗೇ. ಮಗಳ ಸ್ಕೂಲಿನ ಹೆಡ್‌ಮಾಸ್ಟರ ಮುಂದೆ ಅವಳ ಸೀಟಿಗಾಗಿ ಹೀಗೇ ನಿಂತಿದ್ದೆ. ಕೆಂಪನಂಜಮ್ಮ ಬೈದದ್ದು ನನ್ನನ್ನೇ, ಸರಿಯಾಗಿಯೇ ಬೈದಿದ್ದರು. ನನಗೆ ಒಳಗಿನಿಂದ ಖುಷಿ ಉಕ್ಕಿತು.

ಬರೆಯಲು ಹನ್ನೊಂದು ಮಧ್ಯಾಹ್ನ ಹಿಡಿಯಿತು. ತಲೆ ಬೇಡ, ಮುಖವಂತೂ ನಮ್ಮೂರಿನಲ್ಲಿ ದಂಡ. ಭುಜ, ತೋಳು, ಸೊಂಟ ಸಾಕು. ಮೊದಲ ಸಲ ಮೂವತ್ತು ಪಾಯಿಂಟಾಯಿತು. ದಿನಾ ಎರಡು ಮೂರು ತೆಗೆಯುತ್ತ ಬಂದೆ. ಒಂದು ಪಾಯಿಂಟ್ ತೆಗೆದಾಗ ಗೆರೆ ಕುಸಿಯುತ್ತದೆ, ಆಗ ಪಕ್ಕದ ಎರಡರ ಹ್ಯಾಂಡಲ್ ಎಳೆದು ಅದನ್ನು ಎತ್ತಿ ನಿಲ್ಲಿಸಬೇಕು. ಹೊರಗಿನ ಗೆರೆ ಆರಕ್ಕೆ ಬಂತು, ಒಳಗಿನ ಕಿಂಡಿಗೆ ಮೂರು. ಬಣ್ಣ ಬದನೆಕಾಯಿಯದು, ನನಗೆ ಇಷ್ಟ ಅದಕ್ಕೆ. ಅವತ್ತು ಊಟ ಮುಗಿಸಿ ಬಂದ ಸಾಬರು ನನ್ನ ಹಿಂದೆ ನಿಂತು ನೋಡಿದರು.

“ಚೆನ್ನಾಗಿದೆ ಅಕ್ಕಾ. ಆದ್ರೆ ಟೀಚರಮ್ಮನ ಹೂಜಿ ಥರಾನೇ ಆಯ್ತಲ್ಲ? ಇದು ಕೈಯೋ ಹಿಡಿಯೋ?”

ನಿಜ. ಅಷ್ಟು ನುಣುಪಾಗಿ ಬಾಗಿಸಿದ್ದೆನೆಂದರೆ ಮೊಣಕೈ ಹೋಗಿ ಹೂಜಿಯ ಹಿಡಿಯಾಗಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ನಾಲ್ಕನೇ ದಿನ ಮೊಣಕೈಯ ಪಾಯಿಂಟನ್ನು ಹಿಡಿದು ಅದರ ಎರಡೂ ಹ್ಯಾಂಡಲ್ ಮುರಿದೆ. ಮುರಿದರೆ ಬಾಗು ಹೋಗಿ ಮೂಲೆಯಾಗುತ್ತದೆ. ಮೊಣಕೈ ಚೂಪಾಗಿ ಹೊರಗೆ ಬಂತು. ಚಿತ್ರ ಅಲ್ಲೇ ಎದ್ದು ನಿಂತ ಹಾಗಾಯಿತು.

“ಚುಚ್ಚುತ್ತೆ,” ಎಂದರು ಸಾಬರು.

“ಚುಚ್ಚಲಿ,” ಎಂದೆ. ಗುಂಡಿಯಷ್ಟು ಮಾಡಿದೆ, ನಾನೇ. ತೆರೆ ತುಂಬುವಷ್ಟು ಮಾಡಿದೆ, ಆಗಲೂ ನಾನೇ. ಸೇವ್ ಒತ್ತಿದೆ. ಸಾಬರು ಪಾಯಿಂಟುಗಳನ್ನು ಎರಡು ಸಲ ಎಣಿಸಿ ಹೋಗಿ ಚಹಾ ತಂದುಕೊಟ್ಟರು. ಅವರ ಅಂಗಡಿಯಲ್ಲಿ ಅವರೇ ಚಹಾ ತಂದುಕೊಟ್ಟದ್ದು ನಾನು ಕಂಡ ಹಾಗೆ ಅದೊಂದೇ ಸಲ.

ಮನೆಯಲ್ಲಿ ಹೇಳಿದಾಗ ನಮ್ಮವರು ಓದುತ್ತಿದ್ದ ಪೇಪರು ಮಡಿಸಿಟ್ಟರು. ಗದರಲಿಲ್ಲ, ಅವರ ಸ್ವಭಾವ ಅದಲ್ಲ. “ಕೊಡೆ ಬೇಡ್ವಾ ನಿಂಗೆ?” ಎಂದರು. “ಕೊಡೆ ಗೇಟಿನ ಮೇಲಿರ್ಲಿ ರೀ. ನನ್ನ ತೋಳಿನ ಮೇಲೆ ನಾನಿರ್ತೀನಿ,” ಎಂದೆ. “ಸರಿ, ಸಾಕ್ಷಿಗೆ ಬರ್ತೀನಿ. ನಂಗೆ ಗೊತ್ತಾಗ್ದೇ ಇರುತ್ತಾ?” ಎಂದರು. ಛತ್ರದ ವಿಷಯ ನನ್ನ ಬಾಯಿಯ ತುದಿಗೆ ಬಂದಿತ್ತು, ನುಂಗಿಕೊಂಡೆ. ದಿನವಹಿ ವ್ಯವಹಾರದವರ ಹೆಸರಿಗೆ ಕಾಫಿಪುಡಿ ಅಂಗಡಿಯ ಶ್ರೀಕಂಠಯ್ಯನವರನ್ನು ಬರೆಸಿದೆ. ಸಿಟ್ಟಿರುವವರು ಎಂಬಲ್ಲಿ ಕೆಂಪನಂಜಮ್ಮ. ಈ ಇಬ್ಬರಿಗೆ ಯಾರು ಕರೆಸಿದ್ದೆಂದು ಹೇಳುವುದಿಲ್ಲ. ಸಿಟ್ಟಿನ ಸಾಕ್ಷಿಯಾಗಿ ಕೆಂಪನಂಜಮ್ಮನಿಗೆ ಅದು ನಾಲ್ಕನೇ ಕರೆ. ಪುರಸಭೆಯ ಜವಾನ ಚೀಟಿ ಕೊಟ್ಟಾಗ, “ಈ ಸಲ ಯಾವೋಳಪ್ಪ?” ಎಂದು ಅವರು ಬೀದಿಯಲ್ಲಿ ಕೇಳಿದ್ದು ನನಗೆ ನಮ್ಮ ಕಿಟಕಿಯಿಂದ ಕೇಳಿಸಿತು.

ಆ ಬೆಳಿಗ್ಗೆ ಜಗಲಿಯಲ್ಲಿ ನಾವು ಐದು ಜನ ನಿಂತಿದ್ದೆವು. ಗಂಡಸರು ಇಬ್ಬರು, ಹೆಂಗಸರು ಮೂವರು. ನನ್ನ ಬಲಕ್ಕೆ ನಿಂತವಳ ಮೇಲೆ ಹೂಜಿ ಇತ್ತು, ಹಾಗಾಗಿ ಅದು ವನಮಾಲಾ. ಎಡಕ್ಕೆ ಗುಬ್ಬಚ್ಚಿಯ ಗುರುತಿನವಳು ಯಾರೋ. ಬಿಸಿಲು ಏರುತ್ತಿತ್ತು. ಕೈ ಎರಡೂ ಕೆಳಗೆ ಬಿಟ್ಟು ನಿಂತಿದ್ದೆ. ಕೈ ಮೇಲೆತ್ತುವ ಹಾಗಿಲ್ಲವೆಂಬುದೇ ನನಗೆ ದೊಡ್ಡ ಕಷ್ಟವಾಗಿತ್ತು.

ನನ್ನ ಸಾಕ್ಷಿಗಳಲ್ಲಿ ಮೊದಲು ಬಂದವರು ಶ್ರೀಕಂಠಯ್ಯನವರು. ಸಾಲಿನ ಉದ್ದಕ್ಕೂ ನಡೆದು, ನನ್ನ ಮುಂದೆ ಬಂದವರು ಹಾವು ತುಳಿದವರ ಹಾಗೆ ಹಿಂದಕ್ಕೆ ಸರಿದರು.

“ಇಲ್ಲಮ್ಮ, ಈ ಸಲ ಚಿಕೋರಿ ಜಾಸ್ತಿ ಹಾಕಿಲ್ಲ!” ಎಂದುಬಿಟ್ಟರು. ಆಮೇಲೆ ಗುಮಾಸ್ತರ ಕಡೆ ತಿರುಗಿ, “ಕೊಡೆ ಮನೆ ಎರಡು ಚುಕ್ಕಿಯೋರು ಇವ್ರು. ಇನ್ಯಾರೂ ಅಲ್ಲ,” ಎಂದರು. ಗುಮಾಸ್ತರು ಪುಸ್ತಕದಲ್ಲಿ ಒಂದು ಗೀಟು ಹಾಕಿದರು. ಒಂದಾಯಿತು.

ಎರಡನೆಯವರು ನಮ್ಮವರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕೊಡೆಯ ಗುರುತು ನೋಡಿ ನನಗೆ ಇವರೇ ಎಂದು ಗೊತ್ತಾಯಿತು. ಮುಖ ನೋಡಿದೆ, ಪಾಪ, ಬೆವರಿತ್ತು. ಗುಬ್ಬಚ್ಚಿಯ ಮುಂದೆ ನಿಂತರು, ಮುಂದೆ ಬಂದರು. ನನ್ನ ಮೊಣಕೈ ನೋಡಿದರು. ಕ್ಷಣ ನಿಂತರು. ಅವರು ಕಣ್ಣು ಕೆಳಗೆ ಹಾಕಿ ಮುಂದಕ್ಕೆ ಸರಿದು ಹೂಜಿಯ ಮುಂದೆ ನಿಂತರು. ಅವರ ಮುಖ ಅರಳಿತು.

“ಇವಳೇ. ಇವಳೇ ನನ್ನ ಹೆಂಡತಿ,” ಎಂದರು.

ವನಮಾಲಾ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಗುಮಾಸ್ತರು ಅಡ್ಡಗೆರೆ ಎಳೆದರು. ನನ್ನ ಕೈಯಿಂದಲೇ ಆದ ಹೂಜಿ ಅದು. ಅಷ್ಟು ಚೆನ್ನಾಗಿ ಬಂದಿದೆಯಲ್ಲ ಎಂದು ಒಂದು ಕಡೆ ಕೆಲಸಗಾರ್ತಿಗೆ ಹೆಮ್ಮೆ, ಇನ್ನೊಂದು ಕಡೆ ಹೆಂಡತಿಗೆ ಸಂಕಟ. ಎರಡೂ ಒಟ್ಟಿಗೇ ಆಗಬಹುದೆಂದು ಅವತ್ತೇ ನನಗೆ ಗೊತ್ತಾದದ್ದು.

ಉಳಿದದ್ದು ಒಬ್ಬರೇ. ನಾನು ಪಂಕಜಾಕ್ಷಿಯಾಗಿ ಮನೆಗೆ ಹೋಗುತ್ತೇನೋ, ಸಾಯುವವರೆಗೆ ಎರಡು ಚುಕ್ಕಿಯಾಗಿ ಹೋಗುತ್ತೇನೋ, ಎಲ್ಲ ಕೆಂಪನಂಜಮ್ಮನ ನಾಲಿಗೆಯ ಮೇಲೆ ಇತ್ತು. ಅವರು ಬಂದರು. ಕನ್ನಡಕ ಒರೆಸಿಕೊಂಡು ಒಂದು ತುದಿಯಿಂದ ಶುರುಮಾಡಿದರು. ಗಂಡಸರನ್ನು ನೋಡಿ ಮೂತಿ ತಿರುಗಿಸಿದರು. ಗುಬ್ಬಚ್ಚಿಯನ್ನು ದಾಟಿದರು. ನನ್ನ ಮುಂದೆ ನಿಂತರು. ನೋಡನೋಡುತ್ತ ಅವರ ಬಲಗೈ ತಾನಾಗಿ ಅವರ ಸೊಂಟದ ಮೇಲೆ ಹೋಗಿ ಕೂತಿತು. ಜಗಳಕ್ಕೆ ನಿಲ್ಲುವ ಹಾಗೆ ಕಾಲು ಅಗಲ ಮಾಡಿದರು. ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಬಾಯಿ ಮಾತ್ರ ಬಿಡಲಿಲ್ಲ.

“ಗೊತ್ತಿದ್ಯಾ ತಾಯಿ?” ಎಂದರು ಗುಮಾಸ್ತರು.

“ಗೊತ್ತಿಲ್ಲ ಅಂದ್ರೆ ಈಯಮ್ಮಂಗೆ ಏನಾಗುತ್ತೆ?”

“ಈ ಗುರುತು ಅಳಿಸ್ತೀವಿ. ಹಳೇದೇ ಗತಿ.”

ಕೆಂಪನಂಜಮ್ಮ ಯೋಚನೆ ಮಾಡಿದರು. ಒಂಬತ್ತು ವರ್ಷದ ಸಿಟ್ಟು ತೀರಿಸಿಕೊಳ್ಳಲು ಒಂದೇ ಪದ ಸಾಕಿತ್ತು. ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ನನ್ನ ಮೇಲೆ ನನಗೇ ನಂಬಿಕೆ ಹುಟ್ಟಲಿಲ್ಲ. ಬೇಡಿಕೊಳ್ಳುವ ಹಾಗೂ ಇಲ್ಲ, ಬಾಯಿ ಕಟ್ಟಿದೆ. ಕಣ್ಣಿನಲ್ಲಿ ಬೇಡಿಕೊಳ್ಳಬಹುದಿತ್ತೇನೋ. ಬೇಡಿಕೊಳ್ಳಲಿಲ್ಲ. ನೆಟ್ಟಗೆ ಅವರನ್ನೇ ನೋಡಿದೆ.

“ಹಳೇದು ಅಂದ್ರೆ ಕೊಡೆ, ಎರಡು ಚುಕ್ಕಿ,” ಎಂದರು ಅವರು, ಗುಮಾಸ್ತರಿಗಲ್ಲ, ನನಗೇ. ದನಿ ಏರತೊಡಗಿತು. “ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಗೇಟಿಗೆ ಬಂದು ಚುಕ್ಕಿ ಎಣಿಸ್ತಿದೀನಿ ಕಣ್ರೀ ನಾನು! ಕನ್ನಡಕ ಮರೆತ ದಿನ ಆ ಸೌಭಾಗ್ಯನ ಕಡೆ ಮುಖ ತಿರುಗ್ಸಿದೀನಿ. ಪಾಪ, ಅವಳೇನ್ ಮಾಡಿದ್ಲು ನಂಗೆ? ಈಯಮ್ಮನ್ನ ನೋಡಿ ಅವಳು ಅಂದ್ಕೊಂಡು ಒಂದೆರಡು ಸಲ ನಕ್ಕೂ ಬಿಟ್ಟಿದೀನಿ. ಥೂ! ಮನುಷ್ಯರ ಮೇಲೆ ಸಿಟ್ಟು ಮಾಡ್ಬೇಕು ಅಂದ್ರೂ ಅವ್ರು ನೆಟ್ಟಗೆ ಕಾಣ್ಬೇಕೋ ಬೇಡ್ವೋ? ಈಗ ಕಾಣ್ತಿದಾಳೆ. ಬರ್ಕೊಳ್ರಿ. ಪಂಕಜಾಕ್ಷಿ!”

ಜಗಲಿಯ ಕೆಳಗೆ ನಿಂತ ಜನಕ್ಕೆಲ್ಲ ಕೇಳಿಸಿತು. ಗುಮಾಸ್ತರು ಪೆನ್ನು ಎತ್ತಿ, “ಯಾರ ಮನೆ ಅಂತ ಬರೀಲಿ?” ಎಂದರು.

“ಮನೆ ಯಾಕೆ? ಇಡೀ ಊರಿಗೆ ಇಂಥೋಳು ಇರೋದು ಒಬ್ಳೇ,” ಎಂದು ಕೆಂಪನಂಜಮ್ಮ ಸೆರಗು ಕೊಡವಿ ಮೆಟ್ಟಿಲಿಳಿದು ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ. ಈಗಲೂ ನಮಗೆ ಮಾತಿಲ್ಲ. ಆದರೆ ನನ್ನನ್ನು ಬಯ್ಯಲು ಹೊರಗಿನವರು ಯಾರಾದರೂ ಬಂದರೆ ಅವರನ್ನು ಮೊದಲು ಅಡ್ಡಗಟ್ಟುವವರು ಇವರೇ ಎಂದು ನನಗೆ ಅವತ್ತಿನಿಂದ ಗಟ್ಟಿ ನಂಬಿಕೆ.

ಬಿಳಿ ಬಟ್ಟೆ ಬಿಚ್ಚಿ ನನ್ನ ತೋಳಿಗೆ ಹೊಸ ಗುರುತು ಹೊಲಿದುಕೊಟ್ಟರು. ಮೆಟ್ಟಿಲ ಕೆಳಗೆ ನಮ್ಮವರು ಚಪ್ಪಲಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

“ಹೂಜಿ ನೋಡಿದ ತಕ್ಷಣ ನೀನೇ ಅನ್ನಿಸ್ಬಿಡ್ತು ಕಣೇ. ಮನೆಗೆ ಬಂದ ತಕ್ಷಣ ದಿನಾ ನೀರು ಕೊಡ್ತೀಯಲ್ಲ.”

“ನೀರು ಕೊಡೋದು ನಾನು ಮಾಡೋ ಕೆಲಸ ರೀ. ಅದು ನಾನಲ್ಲ.”

ಅವರು ತಲೆಯಾಡಿಸಿದರು. ಸ್ವಲ್ಪ ದೂರ ನಡೆದ ಮೇಲೆ, “ಮೊಣಕೈ ಮುಂದೆ ನಿಂತಾಗ ಯಾಕೋ ಸ್ವಲ್ಪ ಹೆದರಿಕೆ ಆಯ್ತು. ಅದಕ್ಕೇ ಮುಂದಕ್ಕೆ ಹೋದೆ,” ಎಂದರು.

“ಹೆದರಿಕೆ ಆದಾಗ್ಲಾದ್ರೂ ಗೊತ್ತಾಗ್ಬಾರ್ದಾ!” ಎಂದೆ. ಇಬ್ಬರೂ ನಡುರಸ್ತೆಯಲ್ಲಿ ನಿಂತು ನಕ್ಕೆವು. ಎದೆಯ ಮೇಲಿನ ಕಲ್ಲು ಸ್ವಲ್ಪ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು.

ಹೊಸ ಗುರುತು ಹಾಕಿಕೊಂಡವರನ್ನು ಊರು ಹೊಸದಾಗಿ ಕಲಿಯಬೇಕು. ಮೊದಲ ಮನೆಯ ಮುಂದೆಯೇ ಒಬ್ಬರು ನಮ್ಮವರ ಕೊಡೆ ನೋಡಿ, ನನ್ನ ತೋಳು ನೋಡಿ, “ರಂಗಧಾಮಯ್ಯನೋರೆ, ಯಾರಿದು, ನೆಂಟ್ರಾ?” ಎಂದು ಕೇಳಿದರು. “ಪಂಕಜಾಕ್ಷಿ,” ಎಂದೆ. ಅವರು ಇನ್ನೊಮ್ಮೆ ಗುರುತು ನೋಡಿ, ಹೆಸರನ್ನು ಬಾಯಲ್ಲಿ ಹೇಳಿಕೊಂಡು ನೆನಪಿಟ್ಟುಕೊಂಡರು. ಎರಡನೇ ಮನೆಯಲ್ಲೂ ನಾನೇ ಹೇಳಿದೆ. ಮೂರನೇ ಮನೆಯ ಅಜ್ಜಿ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಗಂಟಲು ಸರಿಮಾಡಿಕೊಂಡು, “ಇವಳು ಪಂಕಜಾಕ್ಷಿ,” ಎಂದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾಲ್ಕನೇ ಮನೆಯ ಮುಂದೆ, “ಪಂಕಜಾಕ್ಷಿ ಅಂತ. ಗುರುತು ಇವಳೇ ಬರ್ಕೊಂಡಿರೋದು, ಕಂಪ್ಯೂಟರಲ್ಲಿ,” ಎಂದರು. ಐದನೆಯವರು ಏನೂ ಕೇಳಿರಲಿಲ್ಲ, ಪಾಪ, ಗಿಡಕ್ಕೆ ನೀರು ಹಾಕುತ್ತಿದ್ದರು. ಅವರನ್ನೂ ಕರೆದು ಹೇಳಿದರು.

ನಮ್ಮ ಬೀದಿಯ ತಿರುವು ಬಂತು. ಎಡಕ್ಕೆ ಹೋದರೆ ಮನೆ. ನಾನು ಬಲಕ್ಕೆ ತಿರುಗಿದೆ. ಆ ಬೀದಿಯವರಿಗೆ ಇನ್ನೂ ಹೇಳಿರಲಿಲ್ಲ.